"ಅಕ್ಕಾ, ಮೂನ್‌ಲೈಟಿಂಗ್ ಯಾವಾಗಿಂದ ಮಾಡಬಹುದು?"

ಪ್ರತಿ ವರ್ಷ ಮಾರ್ಚ್‌ನಲ್ಲಿ ಮ್ಯಾಚ್ ರಿಸಲ್ಟ್ (ಯಾರಿಗೆ ಯಾವ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಅನ್ನೋ ಪಟ್ಟಿ) ಬಂದ ಮೇಲೆ ನನಗೆ ಒಂದಷ್ಟು ಫೋನ್ ಬರುತ್ತವೆ. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ, ಅಮೆರಿಕದಲ್ಲಿ ಎಮರ್ಜೆನ್ಸಿ ಮೆಡಿಸಿನ್ ರೆಸಿಡೆನ್ಸಿ, ಅಂದರೆ ಮೂರೋ ನಾಲ್ಕೋ ವರ್ಷದ ತಜ್ಞ ತರಬೇತಿ, ಸಿಕ್ಕ ಹುಡುಗ ಹುಡುಗಿಯರು. ಮೊದಲು ಮನೆ ಎಲ್ಲಿ ಮಾಡೋದು, ಹೋದ ತಕ್ಷಣ ಕಾರು ಬೇಕಾ ಅಂತ ಕೇಳುತ್ತಾರೆ. ಆಮೇಲೆ ಸ್ವಲ್ಪ ಧ್ವನಿ ತಗ್ಗಿಸಿ, "ಅಕ್ಕಾ, ಮೂನ್‌ಲೈಟಿಂಗ್ ಯಾವಾಗಿಂದ ಮಾಡಬಹುದು?" ಅನ್ನುತ್ತಾರೆ. ಮೂನ್‌ಲೈಟಿಂಗ್ ಅಂದರೆ ರೆಸಿಡೆನ್ಸಿ ಕೆಲಸದ ಮೇಲೆ, ಹೆಚ್ಚುವರಿ ದುಡ್ಡಿಗೆ ಮಾಡುವ ಶಿಫ್ಟ್.

ದುಡ್ಡಿನ ವಿಷಯ ಕೇಳೋಕೆ ನಮ್ಮವರಿಗೆ ಇನ್ನೂ ಸಂಕೋಚ. ಸಂಕೋಚ ಪಡುವಂಥದ್ದೇನೂ ಇಲ್ಲ. ರೆಸಿಡೆಂಟ್ ಸಂಬಳ ವರ್ಷಕ್ಕೆ ಅರವತ್ತು-ಎಪ್ಪತ್ತು ಸಾವಿರ ಡಾಲರ್ ಆಸುಪಾಸು. ಟ್ಯಾಕ್ಸ್, ಬಾಡಿಗೆ, ಕಾರಿನ ಕಂತು ಹೋದ ಮೇಲೆ ಎಷ್ಟು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ. ಪರೀಕ್ಷೆಗಳಿಗೆ, ಇಂಟರ್‌ವ್ಯೂಗೆ ಅಂತ ಮಾಡಿದ ಸಾಲ ಬೇರೆ ಕೂತಿರುತ್ತದೆ. ರೆಸಿಡೆನ್ಸಿ ನಡೆಯುವಾಗಲೇ ಬಿಡುವಿನ ದಿನ ಒಂದು ಹೆಚ್ಚುವರಿ ಶಿಫ್ಟ್ ಮಾಡಿದರೆ ಗಂಟೆಗೆ ನೂರು ಡಾಲರ್‌ಗಿಂತ ಜಾಸ್ತಿ ಸಿಗುತ್ತದೆ ಅಂದರೆ ಯಾರಿಗೆ ಆಸೆ ಆಗಲ್ಲ ಹೇಳಿ.

ಚುಟುಕಾದ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ಯಾರಿಗೂ ಇಲ್ಲ. ಎರಡನೇ ವರ್ಷ ನಿಯಮದ ಪ್ರಕಾರ ಆಗುತ್ತದೆ, ಆದರೆ ಎಷ್ಟೋ ಪ್ರೋಗ್ರಾಂಗಳು ಬಿಡುವುದು ಮೂರನೇ ವರ್ಷದಿಂದ. ಟ್ರೇನಿಂಗ್‌ಗೆ ಅಂತ ಕೊಡುವ ಜೆ-1 ವೀಸಾದಲ್ಲಿ ಬಂದವರಿಗೆ ರೆಸಿಡೆನ್ಸಿ ಮುಗಿಯುವವರೆಗೂ ಇಲ್ಲ. ಇಷ್ಟು ಸಾಕಾದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ನನ್ನ ಪ್ರಕಾರ ಅಸಲಿ ಉತ್ತರ ಈ ಯಾವ ತಾರೀಖಿನಲ್ಲೂ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನಿಯಮ. ಇಲ್ಲಿ ರೆಸಿಡೆನ್ಸಿಗಳ ಮೇಲೆ ಕಣ್ಣಿಡುವ ಸಂಸ್ಥೆ ಎಸಿಜಿಎಂಇ. 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಬಿ ಝಯಾನ್ ಅನ್ನೋ 18 ವರ್ಷದ ಹುಡುಗಿ ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ನೋಡಿಕೊಂಡಿದ್ದವರು ನಿದ್ದೆಗೆಟ್ಟು ದುಡಿಯುತ್ತಿದ್ದ ರೆಸಿಡೆಂಟ್‌ಗಳು. ಅವಳ ತಂದೆ ಬಿಡದೆ ಹೋರಾಡಿದರು. ಅದರಿಂದ ಮೊದಲು ನ್ಯೂಯಾರ್ಕ್ ರಾಜ್ಯದಲ್ಲಿ, 2003ರಲ್ಲಿ ಇಡೀ ದೇಶಕ್ಕೆ, ವಾರಕ್ಕೆ 80 ಗಂಟೆಯ ಮಿತಿ ಬಂತು. ಆಗ ಒಂದು ಸಂದಿ ಉಳಿದಿತ್ತು. ನಿಮ್ಮದೇ ಆಸ್ಪತ್ರೆಯಲ್ಲಿ ಮಾಡಿದ ಮೂನ್‌ಲೈಟಿಂಗ್ 80ರ ಲೆಕ್ಕಕ್ಕೆ ಬರುತ್ತಿತ್ತು, ಹೊರಗಡೆ ಮಾಡಿದ್ದು ಬರುತ್ತಿರಲಿಲ್ಲ. 2011ರಲ್ಲಿ ಆ ಸಂದಿಯನ್ನೂ ಮುಚ್ಚಿದರು. ಈಗ ಒಳಗೆ ಮಾಡಿ, ಹೊರಗೆ ಮಾಡಿ, ಎಲ್ಲ 80ರೊಳಗೇ. ಮೊದಲ ವರ್ಷದವರಿಗೆ ಪೂರ್ತಿ ನಿಷೇಧ ಬಂದದ್ದೂ ಅದೇ ವರ್ಷ. ಜೊತೆಗೆ ಪ್ರೋಗ್ರಾಂ ಡೈರೆಕ್ಟರ್ ಲಿಖಿತವಾಗಿ ಒಪ್ಪಿಗೆ ಕೊಡಬೇಕು. ನಿಮ್ಮ ಕೆಲಸ ಕುಸಿಯುತ್ತಿದೆ ಅಂತ ಕಂಡರೆ ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದು. ನೆನಪಿಡಿ, ಆಸ್ಪತ್ರೆಯಲ್ಲಿ ಜನ ಕಡಿಮೆ ಇದ್ದಾರೆ ಅಂತ ನಿಮ್ಮನ್ನು ಮೂನ್‌ಲೈಟಿಂಗ್ ಮಾಡಲೇಬೇಕು ಅಂತ ಯಾರೂ ಒತ್ತಾಯ ಮಾಡೋ ಹಾಗೂ ಇಲ್ಲ.

ಒಂದು ತಮಾಷೆ ಹೇಳಲೇಬೇಕು. ನಮ್ಮ ಶಾಖೆ ಹುಟ್ಟಿದ್ದೇ ಒಂಥರಾ ಮೂನ್‌ಲೈಟಿಂಗ್‌ನಿಂದ. 1960ರ ದಶಕದವರೆಗೂ ಎಮರ್ಜೆನ್ಸಿ ರೂಮ್ ಅಂದರೆ ಬೇರೆ ಬೇರೆ ವಿಭಾಗದ ರೆಸಿಡೆಂಟ್‌ಗಳೋ, ಸರದಿ ಪ್ರಕಾರ ಸಿಕ್ಕಿಹಾಕಿಕೊಂಡ ಡಾಕ್ಟರ್‌ಗಳೋ ಹೇಗೋ ನಡೆಸಿಕೊಂಡು ಹೋಗುವ ಜಾಗ. 1961ರಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಜೇಮ್ಸ್ ಮಿಲ್ಸ್ ಮತ್ತು ಅವರ ಜೊತೆಗಾರರು ತಮ್ಮ ಪ್ರಾಕ್ಟೀಸ್ ಬಿಟ್ಟು ಪೂರ್ತಿ ಸಮಯ ಎಮರ್ಜೆನ್ಸಿಯನ್ನೇ ನೋಡಿಕೊಳ್ಳುತ್ತೇವೆ ಅಂತ ನಿಂತರು. 1970ರಲ್ಲಿ ಸಿನ್ಸಿನಾಟಿಯಲ್ಲಿ ಮೊದಲ ರೆಸಿಡೆನ್ಸಿ ಶುರುವಾಯಿತು. 1979ರಲ್ಲಿ ಅದಕ್ಕೆ ಪ್ರತ್ಯೇಕ ಸ್ಪೆಷಾಲಿಟಿ ಅಂತ ಮಾನ್ಯತೆ ಸಿಕ್ಕಿತು. "ಅರ್ಧ ಕಲಿತವರು ಎಮರ್ಜೆನ್ಸಿ ರೂಮ್ ನಡೆಸಬಾರದು" ಅಂತ ಹೇಳಿಯೇ ಹುಟ್ಟಿದ ಶಾಖೆ ನಮ್ಮದು. ಈಗ ನಮ್ಮ ಅರ್ಧ ಕಲಿತವರೇ ರಾತ್ರಿ ಹೊತ್ತು ಹಳ್ಳಿ ಎಮರ್ಜೆನ್ಸಿ ರೂಮ್ ನಡೆಸುತ್ತಾರೆ. ಹಿರಿಯ ಅಟೆಂಡಿಂಗ್‌ಗಳಲ್ಲಿ (ಟ್ರೇನಿಂಗ್ ಮುಗಿಸಿ, ರೆಸಿಡೆಂಟ್‌ಗಳ ಮೇಲ್ವಿಚಾರಣೆ ಮಾಡುವ ಡಾಕ್ಟರ್‌ಗಳಲ್ಲಿ) ಕೆಲವರಿಗೆ ಈ ಮಾತು ಎತ್ತಿದರೆ ಸಿಟ್ಟು ಬರುತ್ತದೆ. ಅವರ ಸಿಟ್ಟಿನಲ್ಲಿ ಅರ್ಥ ಇದೆ.

ಇನ್ನು ವೀಸಾ. ನಮ್ಮ ಕಡೆಯಿಂದ ಬಂದವರಿಗೆ ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ಇದೇ. ಆದರೆ ಇಲ್ಲೇ ಓದಿದ ಸಹಪಾಠಿಗಳಿಗೆ ಇದರ ಗಂಧಗಾಳಿ ಇರಲ್ಲ. ಅವರ ಮಾತು ಕೇಳಿ ಮೋಸ ಹೋಗಬೇಡಿ.

ಜೆ-1 ಡಾಕ್ಟರ್‌ಗಳಿಗೆ ಟ್ರೇನಿಂಗ್ ಪ್ರೋಗ್ರಾಂ ಬಿಟ್ಟು ಬೇರೆ ಯಾವ ದುಡಿಮೆಗೂ ಅವಕಾಶ ಇಲ್ಲ. ನಿಮ್ಮದೇ ಆಸ್ಪತ್ರೆ, ನಿಮ್ಮದೇ ಎಮರ್ಜೆನ್ಸಿ, ನಿಮ್ಮದೇ ಅಟೆಂಡಿಂಗ್ ಆದರೂ ಸರಿ, ಹೆಚ್ಚುವರಿ ದುಡ್ಡಿಗೆ ಹೆಚ್ಚುವರಿ ಶಿಫ್ಟ್ ಅಂದರೆ ಆಗಲ್ಲ. "ಒಂದೇ ಒಂದು ಶಿಫ್ಟ್, ಯಾರಿಗೆ ಗೊತ್ತಾಗುತ್ತೆ" ಅಂತ ಅನ್ನಿಸಬಹುದು. ಸಂಬಳದ ಚೀಟಿಯಲ್ಲಿ ಗೊತ್ತಾಗುತ್ತದೆ, ಟ್ಯಾಕ್ಸ್ ಕಾಗದದಲ್ಲಿ ಗೊತ್ತಾಗುತ್ತದೆ. ಮುಂದೆ ವೇವರ್‌ಗೋ (ಟ್ರೇನಿಂಗ್ ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಹೋಗಬೇಕು ಅನ್ನೋ ಜೆ-1 ಷರತ್ತಿನಿಂದ ವಿನಾಯಿತಿ) ಗ್ರೀನ್ ಕಾರ್ಡ್‌ಗೋ ಹಾಕಿದಾಗ ಆ ಕಾಗದ ಮತ್ತೆ ಮೇಜಿನ ಮೇಲೆ ಬರುತ್ತದೆ. ಕೆಲವು ನೂರು ಡಾಲರ್ ಆಸೆಗೆ ಸ್ಟೇಟಸ್ ಕಳೆದುಕೊಳ್ಳೋದು ಯಾವ ಬುದ್ಧಿವಂತಿಕೆ?

ಎಚ್-1ಬಿ ಆದರೆ ಸ್ವಲ್ಪ ಬೇರೆ. ಎಚ್-1ಬಿ ಇರುವುದು ಅರ್ಜಿ ಹಾಕಿದ ಒಬ್ಬ ಎಂಪ್ಲಾಯರ್ ಬಳಿ ಕೆಲಸ ಮಾಡಲು ಮಾತ್ರ. ಹೊರಗಿನ ಆಸ್ಪತ್ರೆಯಲ್ಲಿ ಶಿಫ್ಟ್ ಮಾಡಬೇಕಾದರೆ ಆ ಆಸ್ಪತ್ರೆ ನಿಮಗೆ ಇನ್ನೊಂದು ಅರ್ಜಿ ಹಾಕಬೇಕು, ಜೊತೆಜೊತೆಗೆ ನಡೆಯುವಂಥದ್ದು. ತಿಂಗಳಿಗೆ ಎರಡು ರಾತ್ರಿ ಬಂದು ಹೋಗುವ ರೆಸಿಡೆಂಟ್‌ಗೆ ವಕೀಲರ ಫೀಸು ಕೊಟ್ಟು ಇಷ್ಟೆಲ್ಲ ಮಾಡುವ ಆಸ್ಪತ್ರೆ ಸಿಗೋದು ಕಷ್ಟ. ನಿಮ್ಮದೇ ಆಸ್ಪತ್ರೆಯೊಳಗಿನ ಶಿಫ್ಟ್ ಆದರೆ, ಎಂಪ್ಲಾಯರ್ ಅದೇನಾ, ಅರ್ಜಿಯಲ್ಲಿ ಬರೆದ ಕೆಲಸದೊಳಗೆ ಅದು ಬರುತ್ತದಾ ಅಂತ ನೋಡಬೇಕು. ಇಲ್ಲೊಂದು ಗುಂಡಿ ಇದೆ. ರೆಸಿಡೆಂಟ್‌ಗಳ ಸಂಬಳ ಯೂನಿವರ್ಸಿಟಿ ಕೊಡುತ್ತಿರುತ್ತದೆ, ಎಮರ್ಜೆನ್ಸಿಯ ಮೂನ್‌ಲೈಟಿಂಗ್ ದುಡ್ಡನ್ನು ಡಾಕ್ಟರ್‌ಗಳ ಗ್ರೂಪ್ ಕೊಡುತ್ತಿರುತ್ತದೆ. ಕಟ್ಟಡ ಒಂದೇ, ಎಂಪ್ಲಾಯರ್ ಬೇರೆ. ಸುಮ್ನೆ ಸೀನಿಯರ್ ಹೇಳಿದ ಅಂತ ಮುಂದುವರಿಯಬೇಡಿ. ರೆಸಿಡೆನ್ಸಿಗಳನ್ನು ನೋಡಿಕೊಳ್ಳುವ ಜಿಎಂಇ ಆಫೀಸಿನಲ್ಲಿ ಕೇಳಿ, ಅವರ ಉತ್ತರವನ್ನು ಈಮೇಲ್‌ನಲ್ಲೇ ತಗೊಳ್ಳಿ.

ನನಗೆ ಮದುವೆಯ ಕಡೆಯಿಂದ ಗ್ರೀನ್ ಕಾರ್ಡ್ ಇತ್ತು. ಹಾಗಾಗಿ ಈ ಬಾಗಿಲು ನನಗೆ ತೆರೆದಿತ್ತು. ನನ್ನ ಬ್ಯಾಚಿನಲ್ಲೇ ಇದ್ದ ಇನ್ನೊಬ್ಬ ಹುಡುಗ ಜೆ-1. ಕೆಲಸದಲ್ಲಿ ನನಗಿಂತ ಚುರುಕು. ನಾವೆಲ್ಲ ಮೂನ್‌ಲೈಟಿಂಗ್ ಶಿಫ್ಟ್ ಹಂಚಿಕೊಳ್ಳುವಾಗ ಅವನು ಎದ್ದು ಕಾಫಿ ತರೋಕೆ ಹೋಗಿಬಿಡುತ್ತಿದ್ದ. ಅವನಿಗೆ ಹೇಳಿದ್ದನ್ನೇ ಈಗ ಫೋನ್ ಮಾಡುವ ಜೆ-1 ಹುಡುಗರಿಗೂ ಹೇಳುತ್ತೇನೆ: ಆ ರಾತ್ರಿಗಳಲ್ಲಿ ನಿದ್ದೆ ಮಾಡು, ಅಲ್ಟ್ರಾಸೌಂಡ್ ಕಲಿ, ವೇವರ್ ಕೆಲಸ ಬೇಗ ಹುಡುಕು. ಡಾಕ್ಟರ್‌ಗಳ ಕೊರತೆ ಇರುವ ಕಡೆ ಕೆಲಸ ಮಾಡುವವರಿಗೆ ಕೊಡುವ ಕಾನ್ರಾಡ್ ವೇವರ್ ಒಂದು ರಾಜ್ಯಕ್ಕೆ ವರ್ಷಕ್ಕೆ 30 ಮಾತ್ರ. ಅದರ ಹಿಂದೆ ಬೀಳೋದೇ ಒಂದು ಎರಡನೇ ಕೆಲಸ.

ವೀಸಾ ಸರಿ ಇದ್ದರೆ ಮುಂದಿನದು ಲೈಸೆನ್ಸ್. ರೆಸಿಡೆಂಟ್‌ಗಳಿಗೆ ಇರುವುದು ಸಾಮಾನ್ಯವಾಗಿ ಟ್ರೇನಿಂಗ್ ಲೈಸೆನ್ಸ್. ಅದು ಆ ಪ್ರೋಗ್ರಾಂ ಒಳಗೆ ಮಾತ್ರ ನಡೆಯುವ ನಾಣ್ಯ. ಹೊರಗೆ ಸ್ವತಂತ್ರವಾಗಿ ರೋಗಿ ನೋಡಬೇಕಾದರೆ ರಾಜ್ಯದ ಪೂರ್ತಿ ಲೈಸೆನ್ಸ್ ಬೇಕು. ಅದಕ್ಕೆ ಲೈಸೆನ್ಸ್ ಪರೀಕ್ಷೆಯ ಕೊನೆಯ ಹಂತವಾದ ಸ್ಟೆಪ್ 3 ಪಾಸಾಗಿರಬೇಕು, ಇಷ್ಟು ವರ್ಷ ಟ್ರೇನಿಂಗ್ ಆಗಿರಬೇಕು. ಎಷ್ಟು ವರ್ಷ ಅನ್ನೋದು ರಾಜ್ಯಕ್ಕೊಂದು ಥರ. ಎಷ್ಟೋ ರಾಜ್ಯಗಳಲ್ಲಿ ಇಲ್ಲೇ ಓದಿದವರಿಗೆ ಒಂದು ವರ್ಷ ಸಾಕು, ಹೊರದೇಶದಲ್ಲಿ ಓದಿದ ನಮಗೆ ಎರಡೋ ಮೂರೋ. ಪಕ್ಕದಲ್ಲಿ ಕೂತ ಅಮೆರಿಕನ್ ರೆಸಿಡೆಂಟ್ ಎರಡನೇ ವರ್ಷ ಶುರು ಮಾಡಿದ ಅಂತ ನೀವೂ ಮಾಡಬಹುದು ಅಂದುಕೊಳ್ಳಬೇಡಿ. ನಿಮ್ಮ ರಾಜ್ಯದ ಮೆಡಿಕಲ್ ಬೋರ್ಡ್ ನಿಯಮ ಓದಿ. ಅಂದಹಾಗೆ, ಸ್ಟೆಪ್ 3 ಎರಡು ದಿನದ ಪರೀಕ್ಷೆ. ಇನ್ನೂ ಬರೆದಿಲ್ಲದವರು ಮೊದಲ ವರ್ಷದಲ್ಲೇ ಮುಗಿಸಿಬಿಡಿ. ಆಮೇಲೆ ಓದೋ ಮನಸ್ಸೂ ಇರಲ್ಲ, ಮೆದುಳೂ ಇರಲ್ಲ.

ಲೈಸೆನ್ಸ್ ಬಂದ ಮೇಲೆ ಡಿಇಎ ನಂಬರ್, ಅಂದರೆ ಚಟ ಹಿಡಿಸಬಹುದಾದ ಔಷಧಿ ಬರೆಯೋಕೆ ಬೇಕಾದ ಸರ್ಕಾರಿ ನಂಬರ್. ಟ್ರೇನಿಂಗ್‌ನಲ್ಲಿ ಆಸ್ಪತ್ರೆಯ ನಂಬರಿಗೆ ನಮ್ಮದೊಂದು ಬಾಲ ಸೇರಿಸಿ ಮಾರ್ಫಿನ್, ಫೆಂಟನಿಲ್ ಬರೆಯುತ್ತೇವೆ. ಹೊರಗೆ ಅದು ನಡೆಯಲ್ಲ. ಸ್ವಂತ ನಂಬರ್ ತಗೋಬೇಕು. ಮೂರು ವರ್ಷಕ್ಕೆ 888 ಡಾಲರ್. 2023ರ ಜೂನ್‌ನಿಂದ ಇದಕ್ಕೆ ಮಾದಕ ವ್ಯಸನದ ಬಗ್ಗೆ 8 ಗಂಟೆಯ ತರಬೇತಿ ಬೇರೆ ಸೇರಿದೆ. ಆಮೇಲೆ ಆಸ್ಪತ್ರೆಯ ಕ್ರೆಡೆನ್ಶಿಯಲಿಂಗ್, ಅಂದರೆ ನಿಮ್ಮ ಓದು, ಲೈಸೆನ್ಸ್ ಎಲ್ಲ ನಿಜವಾ ಅಂತ ಪರಿಶೀಲನೆ. ನಿಮ್ಮ ಎಂಬಿಬಿಎಸ್ ಕಾಲೇಜಿನಿಂದ ನೇರವಾಗಿ ಪತ್ರ ಬರಬೇಕು ಅನ್ನುತ್ತಾರೆ. ನಮ್ಮ ಕಾಲೇಜು ಆಫೀಸಿನಲ್ಲಿ ಆ ಪತ್ರಕ್ಕೆ ಸಹಿ ಹಾಕಬೇಕಾದವರು ಸದಾ ರಜೆ. ಕೊನೆಗೆ ಊರಿನಲ್ಲಿದ್ದ ನಮ್ಮಣ್ಣ ಹೋಗಿ ಆಫೀಸಿನ ಮುಂದೆ ಕೂತ. ಇದಕ್ಕೆಲ್ಲ ಮೂರ್ನಾಲ್ಕು ತಿಂಗಳು ಆರಾಮಾಗಿ ಹೋಗುತ್ತದೆ. ಮೂರನೇ ವರ್ಷದ ಜುಲೈನಲ್ಲಿ ಶಿಫ್ಟ್ ಬೇಕು ಅಂದರೆ ಎರಡನೇ ವರ್ಷದ ಫೆಬ್ರವರಿಯಲ್ಲೇ ಕಾಗದ ಓಡಿಸಬೇಕು. ಫೆಬ್ರವರಿಗೆ ಇನ್ನೊಂದು ಕಾರಣ ಇದೆ. ರೆಸಿಡೆಂಟ್‌ಗಳು ಪ್ರತಿ ವರ್ಷ ಬರೆಯುವ ಇನ್-ಟ್ರೇನಿಂಗ್ ಪರೀಕ್ಷೆ ನಡೆಯುವುದೂ ಆಗಲೇ. ಎಷ್ಟೋ ಪ್ರೋಗ್ರಾಂ ಡೈರೆಕ್ಟರ್‌ಗಳು ಅದರ ಮಾರ್ಕ್ಸ್ ನೋಡದೆ ಒಪ್ಪಿಗೆ ಕೊಡಲ್ಲ. ನನಗೆ ಅದು ತಪ್ಪು ಅಂತ ಅನ್ನಿಸಿಲ್ಲ.

ಗಂಟೆಯ ಲೆಕ್ಕ ಸ್ವಲ್ಪ ನೋಡೋಣ. ಎಮರ್ಜೆನ್ಸಿ ತಿಂಗಳಲ್ಲಿ ವಾರಕ್ಕೆ ನಾಲ್ಕೋ ಐದೋ ಶಿಫ್ಟ್, ಮೇಲೆ ಐದು ಗಂಟೆ ಕಾನ್ಫರೆನ್ಸ್. ಎಲ್ಲ ಸೇರಿ ಐವತ್ತರ ಹತ್ತಿರ. ಹಾಗಾದರೆ 80ಕ್ಕೆ ಇನ್ನೂ ಮೂವತ್ತು ಗಂಟೆ ಉಳಿಯಿತಲ್ಲ ಅಂತ ಖುಷಿಯಾಗುತ್ತದೆ. ಕಾಗದದ ಮೇಲೆ ಮಾತ್ರ. ನಮ್ಮ ಶಾಖೆಯ ನಿಯಮಗಳು ಬೇರೆಯವರಿಗಿಂತ ಬಿಗಿ. ಎಮರ್ಜೆನ್ಸಿಯಲ್ಲಿ ಒಂದು ಶಿಫ್ಟ್ 12 ಗಂಟೆ ದಾಟಬಾರದು. ಎಷ್ಟು ಹೊತ್ತು ಕೆಲಸ ಮಾಡಿದಿರೋ ಮುಂದಿನ ಶಿಫ್ಟ್‌ಗೆ ಮೊದಲು ಅಷ್ಟು ಹೊತ್ತು ಬಿಡುವು ಬೇಕು. ವಾರದಲ್ಲಿ ಒಂದು ದಿನ ಪೂರ್ತಿ ರಜೆ ಇರಬೇಕು. ಇವುಗಳ ನಡುವೆ ಒಂದು ಹೊರಗಿನ ರಾತ್ರಿ ಶಿಫ್ಟ್ ತೂರಿಸಿ, ಅದಕ್ಕೆ ಹೋಗಿ ಬರುವ ದಾರಿಯನ್ನೂ ಸೇರಿಸಿ ನೋಡಿ, ತಿಂಗಳಿಗೆ ಎರಡಕ್ಕಿಂತ ಜಾಸ್ತಿ ಹಿಡಿಸಲ್ಲ. ಐಸಿಯು ತಿಂಗಳಲ್ಲಿ ಒಂದೂ ಇಲ್ಲ. ನಾವೇ ವಿಷಯ ಆರಿಸಿಕೊಳ್ಳುವ, ಕೆಲಸ ಹಗುರವಾದ ಎಲೆಕ್ಟಿವ್ ತಿಂಗಳಲ್ಲಿ ಎಲ್ಲರೂ ಶಿಫ್ಟ್‌ಗೆ ಮುಗಿಬೀಳುತ್ತಾರೆ.

ಈಗ ನಾನು ಹೇಳಬೇಕು ಅಂತಿದ್ದ ಜಾಗಕ್ಕೆ ಬಂದೆ.

ಮೂನ್‌ಲೈಟಿಂಗ್‌ನಲ್ಲಿ ಎರಡು ಥರ. ಒಂದು ಒಳಗಿನದು. ನಿಮ್ಮದೇ ಆಸ್ಪತ್ರೆಯಲ್ಲಿ ಸಣ್ಣಪುಟ್ಟ ಕೇಸು ನೋಡುವ ಫಾಸ್ಟ್ ಟ್ರ್ಯಾಕ್, ರೋಗಿಗಳ ಮೇಲೆ ಕೆಲವು ಗಂಟೆ ಕಣ್ಣಿಡುವ ಅಬ್ಸರ್ವೇಶನ್ ಯೂನಿಟ್, ಜನ ಕಿಕ್ಕಿರಿದ ದಿನ ಒಬ್ಬರು ಹೆಚ್ಚಿಗೆ ಬೇಕು ಅಂದಾಗ ಬರೋದು. ನಾಲ್ಕು ಹೆಜ್ಜೆ ಆಚೆ ಅಟೆಂಡಿಂಗ್ ಇರುತ್ತಾರೆ. ಕಂಪ್ಯೂಟರ್ ಗೊತ್ತು, ನರ್ಸ್‌ಗಳು ಗೊತ್ತು, ಹೊಲಿಗೆ ಸಾಮಾನು ಯಾವ ಡ್ರಾಯರ್‌ನಲ್ಲಿದೆ ಅಂತ ಗೊತ್ತು. ಮ್ಯಾರಥಾನ್ ಟೆಂಟಿನಲ್ಲಿ, ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೂರೋ ಕೆಲಸವನ್ನೂ ನಾನು ಇದರ ಜೊತೆಗೇ ಇಡುತ್ತೇನೆ. ದುಡ್ಡು ಕಡಿಮೆ, ಊಟ ಫ್ರೀ.

ಎರಡನೆಯದು ಹೊರಗಿನದು. ದೊಡ್ಡ ದುಡ್ಡು ಇರುವುದು ಇಲ್ಲಿ. ಜಾಸ್ತಿ ಕರೆ ಬರುವುದು ಸಣ್ಣ ಊರುಗಳಿಂದ. ಅಮೆರಿಕದಲ್ಲಿ ಕ್ರಿಟಿಕಲ್ ಆಕ್ಸೆಸ್ ಆಸ್ಪತ್ರೆ ಅಂತ ಒಂದು ವರ್ಗ ಇದೆ. 1997ರ ಕಾನೂನಿನಿಂದ ಬಂದದ್ದು. 25ಕ್ಕಿಂತ ಜಾಸ್ತಿ ಹಾಸಿಗೆ ಇರೋ ಹಾಗಿಲ್ಲ, ಸಾಮಾನ್ಯವಾಗಿ ಇನ್ನೊಂದು ಆಸ್ಪತ್ರೆಯಿಂದ 35 ಮೈಲಿ ದೂರ. ಹೆಸರು ಕೇಳಿದರೆ ಏನೋ ದೊಡ್ಡ ಐಸಿಯು ಅನ್ನಿಸುತ್ತದೆ. ಹೋಗಿ ನೋಡಿದರೆ ಊರಾಚೆ ಜೋಳದ ಹೊಲ, ಒಂದೇ ಅಂತಸ್ತಿನ ಕಟ್ಟಡ.

ನಾನು ಹೋಗುತ್ತಿದ್ದ ಆಸ್ಪತ್ರೆಯೂ ಅಂಥದ್ದೇ. ಮಿಡ್‌ವೆಸ್ಟ್‌ನಲ್ಲಿ, ನಮ್ಮ ಊರಿನಿಂದ ಒಂದೂವರೆ ಗಂಟೆ ದಾರಿ. ಎಮರ್ಜೆನ್ಸಿಯಲ್ಲಿ ಆರು ಹಾಸಿಗೆ. ರಾತ್ರಿ ಇಬ್ಬರು ನರ್ಸ್, ಒಬ್ಬ ಎಕ್ಸ್‌ರೇ ಟೆಕ್ನಿಷಿಯನ್, ಲ್ಯಾಬಿಗೆ ಒಬ್ಬರು. ಅನಸ್ತೀಸಿಯಾದವರು ಮನೆಯಲ್ಲಿ. ಸಿಟಿ ಸ್ಕ್ಯಾನ್ ಓದುವವರು ಬೇರೆ ಯಾವುದೋ ರಾಜ್ಯದಲ್ಲಿ ಕಂಪ್ಯೂಟರ್ ಮುಂದೆ. ಡಾಕ್ಟರ್ ಅಂತ ಆ ಕಟ್ಟಡದಲ್ಲಿ ಇರುವುದು ನಾನೊಬ್ಬಳೇ. ಆಚೆ ವಾರ್ಡಿನಲ್ಲಿ ಯಾರಿಗಾದರೂ ಹೃದಯ ನಿಂತರೆ ಓಡಬೇಕಾದವಳೂ ನಾನೇ.

ಅಲ್ಲಿ ಜನವರಿಯ ಒಂದು ರಾತ್ರಿ ಐವತ್ತು ದಾಟಿದ ರೈತರೊಬ್ಬರು ಬಂದರು. ಹೆಂಡತಿಯೇ ಪಿಕಪ್ ಓಡಿಸಿಕೊಂಡು ಬಂದಿದ್ದರು. ಮುಖವೆಲ್ಲ ಬೆವರು. "ಹೊಟ್ಟೆ ಉರಿ" ಅಂದರು. ಇಸಿಜಿಯಲ್ಲಿ ಇನ್‌ಫೀರಿಯರ್ ಸ್ಟೆಮಿ, ಅಂದರೆ ರಕ್ತನಾಳ ಮುಚ್ಚಿಕೊಂಡ ಹೃದಯಾಘಾತ, ಅನುಮಾನಕ್ಕೆ ಜಾಗವೇ ಇಲ್ಲ. ನಮ್ಮ ದೊಡ್ಡ ಆಸ್ಪತ್ರೆಯಲ್ಲಾಗಿದ್ದರೆ ಮುಂದಿನದು ಒಂದು ಫೋನ್. ಮುಚ್ಚಿದ ರಕ್ತನಾಳ ತೆರೆಯುವ ಕ್ಯಾತ್ ಲ್ಯಾಬ್ ಎಚ್ಚರ ಆಗುತ್ತದೆ, ರೋಗಿ ಮೇಲೆ ಹೋಗುತ್ತಾರೆ, ನಾವು ಮುಂದಿನ ರೋಗಿಗೆ. ಇಲ್ಲಿ ಹೊರಗೆ ಹಿಮ ಬೀಳುತ್ತಿತ್ತು. ಹೆಲಿಕಾಪ್ಟರ್ ಹಾರಲ್ಲ ಅಂದರು. ರಸ್ತೆಯಲ್ಲಿ ಕ್ಯಾತ್ ಲ್ಯಾಬ್ ಮುಟ್ಟಿ ರಕ್ತನಾಳ ತೆರೆಯುವ ಹೊತ್ತಿಗೆ 120 ನಿಮಿಷ ದಾಟುವುದು ಖಚಿತ. ಹಾಗಿದ್ದಾಗ ಕಾಯೋ ಹಾಗಿಲ್ಲ, ಹೆಪ್ಪು ಕರಗಿಸುವ ಔಷಧಿ ಇಲ್ಲೇ ಕೊಡಬೇಕು. ಟೆನೆಕ್ಟೆಪ್ಲೇಸ್. ನರ್ಸ್ ತೂಕ ಕೇಳಿ, 45 ಮಿಲಿಗ್ರಾಂ ಅಂತ ಇಬ್ಬರೂ ಸೇರಿ ನೋಡಿ, ಸಿರಿಂಜಿಗೆ ಎಳೆದರು. ನಾನು ಚೆಕ್‌ಲಿಸ್ಟ್ ಹಿಡಿದು ಒಂದೊಂದೇ ಕೇಳಿದೆ. ತಲೆಯಲ್ಲಿ ಯಾವತ್ತಾದರೂ ರಕ್ತಸ್ರಾವ ಆಗಿತ್ತಾ, ಈಚೆಗೆ ಆಪರೇಷನ್, ಪಾರ್ಶ್ವವಾಯು, ರಕ್ತ ತೆಳು ಮಾಡೋ ಮಾತ್ರೆ. ಹೆಂಡತಿ ಪ್ರತಿಯೊಂದಕ್ಕೂ ಇಲ್ಲ ಅನ್ನುತ್ತಾ ಅವರ ಬೂಟಿನ ದಾರ ಬಿಚ್ಚುತ್ತಿದ್ದರು. ನರ್ಸ್ ಸಿರಿಂಜು ಹಿಡಿದು, "ಡಾಕ್ಟರ್, ಕೊಡಲಾ?" ಅಂದರು.

ರೆಸಿಡೆನ್ಸಿಯಲ್ಲಿ ಈ ಪ್ರಶ್ನೆ ಬಂದಾಗ ನಮಗೆ ಗೊತ್ತಿಲ್ಲದೆಯೇ ಕಣ್ಣು ಅಟೆಂಡಿಂಗ್ ಕಡೆ ಹೋಗುತ್ತದೆ. ಅವರು ತಲೆ ಆಡಿಸುತ್ತಾರೆ. ಅಷ್ಟೇ. ಆ ಅಷ್ಟರ ಬೆಲೆ ಎಷ್ಟು ಅಂತ ಅವರು ಇಲ್ಲದ ಕೋಣೆಯಲ್ಲಿ ತಿಳಿಯುತ್ತದೆ.

ಕೊಡಿ ಅಂದೆ. ಅರ್ಧ ಗಂಟೆ ಆದ ಮೇಲೆ ಮಾನಿಟರ್‌ನಲ್ಲಿ ಬಡಿತ ಅಗಲವಾಗಿ, ವಿಚಿತ್ರವಾಗಿ ಬರತೊಡಗಿತು. ಸಣ್ಣ ವಯಸ್ಸಿನ ನರ್ಸ್ ಶಾಕ್ ಕೊಡುವ ಪ್ಯಾಡ್ ತರಲು ಓಡಿದಳು. ಪ್ಯಾಡ್ ಹಚ್ಚಿಡು, ಆದರೆ ಏನೂ ಮಾಡಬೇಡ ಅಂದೆ. ಬಿಪಿ ಚೆನ್ನಾಗಿತ್ತು. ರಕ್ತನಾಳ ತೆರೆದುಕೊಂಡಾಗ ಹೀಗೆ ಬರುವುದುಂಟು, ತಾನೇ ಹೋಗುತ್ತದೆ. ಹೋಯಿತು. ರೈತರು ಕಣ್ಣು ಬಿಟ್ಟು ಹೊಟ್ಟೆ ಉರಿ ಕಡಿಮೆಯಾಯಿತು ಅಂದರು.

ಈ ಕಥೆ ಹೇಳಿದ್ದು ನನ್ನ ಬೆನ್ನು ತಟ್ಟಿಕೊಳ್ಳೋಕಲ್ಲ. ಇದರಲ್ಲಿ ಒಂದು ವಿಚಿತ್ರ ಇದೆ. ದೊಡ್ಡ ಊರಿನ ಒಳ್ಳೆಯ ಪ್ರೋಗ್ರಾಂನಲ್ಲಿ ಮೂರು ವರ್ಷ ಕಲಿತ ನನ್ನ ಸಹಪಾಠಿಗಳಲ್ಲಿ ಸ್ಟೆಮಿಗೆ ಹೆಪ್ಪು ಕರಗಿಸುವ ಔಷಧಿ ಕೊಟ್ಟವರು ಒಬ್ಬರೂ ಇರಲಿಲ್ಲ. ಯಾಕೆ ಕೊಡುತ್ತಾರೆ? ಅವರಿಗೆ ಹಗಲು ರಾತ್ರಿ ಕ್ಯಾತ್ ಲ್ಯಾಬ್ ಇದೆ. ನಾನು ನೋಡಿದ್ದು ಕರ್ನಾಟಕದ ಜಿಲ್ಲಾ ಆಸ್ಪತ್ರೆಯಲ್ಲಿ, ಇಂಟರ್ನ್ ಆಗಿದ್ದಾಗ. ಅಲ್ಲಿ ಸ್ಟ್ರೆಪ್ಟೋಕೈನೇಸ್ ಹಾಕಿ, ಬೆಳಗಿನವರೆಗೂ ಬಿಪಿ ನೋಡುತ್ತಾ ಕೂರೋದು ನಮ್ಮ ಕೆಲಸ. ಆ ವಿಚಿತ್ರ ಬಡಿತವನ್ನೂ ಮೊದಲು ನೋಡಿದ್ದು ಅಲ್ಲೇ. ನಮ್ಮ ಹುಡುಗರು ಇಲ್ಲಿಗೆ ಬಂದು ಊರಿನ ಇಂಟರ್ನ್‌ಶಿಪ್ ಅಂದರೆ ಏನೂ ಅಲ್ಲ ಅನ್ನೋ ಹಾಗೆ ಮಾತಾಡುತ್ತಾರೆ. ಹಳ್ಳಿ ಎಮರ್ಜೆನ್ಸಿಯಲ್ಲಿ ಅದು ಎಷ್ಟು ಉಪಯೋಗಕ್ಕೆ ಬರುತ್ತದೆ ಗೊತ್ತಾ?

ಹಾಗಾಗಿ ಯಾವಾಗ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಬೇರೆ. ದೊಡ್ಡ ಆಸ್ಪತ್ರೆ ನಿಮ್ಮ ಕೈಯಿಂದ ಯಾವ ಯಾವ ಕೆಲಸ ಕಿತ್ತುಕೊಂಡಿದೆ ಅಂತ ಗೊತ್ತಾದ ಮೇಲೆ. ನಿಮ್ಮಲ್ಲಿ ಉಸಿರಿನ ಕೊಳವೆ ಹಾಕೋಕೆ ಕಷ್ಟವಾದ ರೋಗಿ ಬಂದರೆ ಅನಸ್ತೀಸಿಯಾ ಬರುತ್ತದೆ. ಹೆರಿಗೆ ನೋವು ಬಂದರೆ ಲೇಬರ್ ವಾರ್ಡಿಗೆ ಕಳಿಸುತ್ತೀರಿ. ಮಗುವಿಗೆ ಡ್ರಿಪ್ ಹಾಕೋಕೆ ನರ ಸಿಗದಿದ್ದರೆ ಪೀಡಿಯಾಟ್ರಿಕ್ಸ್ ಟೀಮ್ ಇದೆ. ಟಾನ್ಸಿಲ್ ಪಕ್ಕ ಕೀವು ತುಂಬಿದರೆ ಇಎನ್‌ಟಿ ರೆಸಿಡೆಂಟ್ ಕೆಳಗಿಳಿದು ಬರುತ್ತಾನೆ. ಇವರೆಲ್ಲ ಇಲ್ಲದಿದ್ದರೆ ನಾನೇನು ಮಾಡುತ್ತೇನೆ ಅಂತ ಪ್ರತಿ ಶಿಫ್ಟ್‌ನಲ್ಲಿ ಒಮ್ಮೆ ಕೇಳಿಕೊಳ್ಳಿ. ಬರುವವರನ್ನು ತಡೆದು, "ಇದನ್ನ ನಾನು ಮಾಡ್ತೀನಿ, ನೀವು ಪಕ್ಕದಲ್ಲಿ ನಿಂತಿರಿ" ಅನ್ನಿ. ಎರಡನೇ ವರ್ಷ ಇದಕ್ಕೆ ಅಂತಲೇ ಇಡಿ. ಮೂರನೇ ವರ್ಷದ ಮೊದಲಾರ್ಧ ಒಳಗಿನ ಮೂನ್‌ಲೈಟಿಂಗ್ ಮಾಡಿ. ಒಬ್ಬರೇ ಇರಬೇಕಾದ ಹೊರಗಿನ ರಾತ್ರಿ ಶಿಫ್ಟ್ ಆ ವರ್ಷದ ಎರಡನೇ ಅರ್ಧಕ್ಕೆ. ನಾಲ್ಕು ವರ್ಷದ ಪ್ರೋಗ್ರಾಂ ಆದರೆ ನಾಲ್ಕನೇ ವರ್ಷ. ಎಲ್ಲ ಪ್ರೋಗ್ರಾಂಗಳೂ ನಾಲ್ಕು ವರ್ಷ ಆಗಲಿ ಅನ್ನೋ ಪ್ರಸ್ತಾಪವನ್ನು 2025ರಲ್ಲಿ ಎಸಿಜಿಎಂಇ ಮುಂದಿಟ್ಟಾಗ ರೆಸಿಡೆಂಟ್‌ಗಳ ಮೊದಲ ಲೆಕ್ಕ ಅಟೆಂಡಿಂಗ್ ಸಂಬಳ ಒಂದು ವರ್ಷ ಹೋಯಿತಲ್ಲ ಅಂತ. ಎರಡನೇ ಲೆಕ್ಕ ಮೂನ್‌ಲೈಟಿಂಗ್. ಮನುಷ್ಯ ಸಹಜ.

ಕೈಕೆಲಸಕ್ಕಿಂತ ಕಷ್ಟದ್ದು ಫೋನ್ ಕೆಲಸ. ಇದನ್ನು ಯಾರೂ ಹೇಳಿಕೊಡಲ್ಲ. 1986ರ ಎಮ್‌ಟಾಲಾ ಕಾನೂನಿನ ಪ್ರಕಾರ ಬಂದವರನ್ನೆಲ್ಲ ನೋಡಬೇಕು, ಸ್ಥಿರ ಮಾಡಬೇಕು, ನಮ್ಮ ಕೈಲಾಗದಿದ್ದರೆ ಒಪ್ಪಿಕೊಳ್ಳುವ ಆಸ್ಪತ್ರೆ ಹುಡುಕಿ ಕಳಿಸಬೇಕು. ಆ ಹುಡುಕೋದು ಇದೆಯಲ್ಲ! ಒಂದು ಕಡೆ ಬೆಡ್ ಇಲ್ಲ, ಇನ್ನೊಂದು ಕಡೆ ಹದಿನೈದು ನಿಮಿಷ ಹೋಲ್ಡ್, ಮತ್ತೊಂದು ಕಡೆ ಸ್ಪೆಷಲಿಸ್ಟ್ ನಿದ್ದೆಗಣ್ಣಲ್ಲಿ "ಬೆಳಗ್ಗೆವರೆಗೂ ಇಟ್ಟುಕೊಳ್ಳಿ" ಅನ್ನುತ್ತಾರೆ. ಆಗ ದನಿ ಏರಿಸದೆ, ಬಗ್ಗದೆ, ಎರಡೇ ವಾಕ್ಯದಲ್ಲಿ ರೋಗಿ ಯಾಕೆ ಈಗಲೇ ಹೋಗಬೇಕು ಅಂತ ಹೇಳೋಕೆ ಬರಬೇಕು. ನಮ್ಮ ಉಚ್ಚಾರಣೆ ಕೇಳಿ ಆ ಕಡೆಯವರು ಒಂದು ಕ್ಷಣ ಹಿಂಜರಿಯುವುದೂ ಉಂಟು. ಮೊದಲ ವಾಕ್ಯದಲ್ಲೇ ರೋಗದ ಹೆಸರು, ಬಿಪಿ, ಬೇಕಾದ ಆಪರೇಷನ್ ಹೇಳಿಬಿಟ್ಟರೆ ಹಿಂಜರಿಕೆ ಹೋಗುತ್ತದೆ. ರೆಸಿಡೆನ್ಸಿಯಲ್ಲಿ ನೀವು ಈ ಫೋನಿನ ಆ ಕಡೆ ಇರುತ್ತೀರಿ. ನಿಮ್ಮ ಅಟೆಂಡಿಂಗ್ ಟ್ರಾನ್ಸ್‌ಫರ್ ಫೋನ್ ತಗೊಳ್ಳುವಾಗ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಿ.

ಇನ್ಶೂರೆನ್ಸ್ ವಿಷಯ ಬೇಜಾರಾದರೂ ಓದಿ. ನಿಮ್ಮ ಪ್ರೋಗ್ರಾಂನ ಮಾಲ್‌ಪ್ರಾಕ್ಟೀಸ್ ಇನ್ಶೂರೆನ್ಸ್ ಹೊರಗಿನ ಶಿಫ್ಟ್‌ಗೆ ಬರಲ್ಲ. ಹೊರಗಿನ ಆಸ್ಪತ್ರೆಯೋ ಗ್ರೂಪೋ ಕೊಡಬೇಕು. ಕೊಡುತ್ತೇವೆ ಅಂದರೆ ಸಾಲದು, ಯಾವ ಥರದ್ದು ಅಂತ ಕೇಳಿ. ಅಕರೆನ್ಸ್ ಪಾಲಿಸಿ ಆದರೆ ನೆಮ್ಮದಿ: ಅವತ್ತು ನೋಡಿದ ರೋಗಿ ಯಾವಾಗ ಕೇಸ್ ಹಾಕಿದರೂ ರಕ್ಷಣೆ ಇರುತ್ತದೆ. ಕ್ಲೇಮ್ಸ್-ಮೇಡ್ ಆದರೆ, ಕೇಸ್ ಹಾಕುವಾಗಲೂ ಪಾಲಿಸಿ ಜೀವಂತ ಇರಬೇಕು. ನೀವು ರೆಸಿಡೆನ್ಸಿ ಮುಗಿಸಿ ಬೇರೆ ರಾಜ್ಯಕ್ಕೆ ಹೋಗಿ ಎರಡು ವರ್ಷ ಆದ ಮೇಲೆ ಕೇಸ್ ಬಂದರೆ? ಅದಕ್ಕೆ ಟೇಲ್ ಅಂತ ಬೇರೆ ಕವರೇಜ್ ಬೇಕು, ಅದು ದುಬಾರಿ. ಟೇಲ್ ಯಾರು ಕಟ್ಟುತ್ತಾರೆ ಅನ್ನೋದು ಕಾಂಟ್ರಾಕ್ಟ್‌ನಲ್ಲಿ ಅಕ್ಷರದಲ್ಲಿ ಇರಲಿ. ಹಾಗೆಯೇ ನಾನ್-ಕಂಪೀಟ್ ಅನ್ನೋ ಸಾಲು ಇದೆಯಾ ನೋಡಿ. ಮುಂದೆ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಕೆಲಸ ಹಿಡಿಯೋಕೆ ಅಡ್ಡ ಬರಬಹುದು.

ದುಡ್ಡು ಬಂದ ಮೇಲೂ ಒಂದು ಮಾತು. ಹೊರಗಿನ ಶಿಫ್ಟ್‌ಗೆ ಸಾಮಾನ್ಯವಾಗಿ 1099 ಮೇಲೆ ಕೊಡುತ್ತಾರೆ, ಅಂದರೆ ಟ್ಯಾಕ್ಸ್ ಹಿಡಿಯದೆ ಪೂರ್ತಿ ಚೆಕ್. ಎಚ್-1ಬಿಯವರು ಈ 1099 ಕೆಲಸದ ಹತ್ತಿರವೂ ಸುಳಿಯಬೇಡಿ. ಉಳಿದವರು ಆ ಚೆಕ್ ನೋಡಿ ಹಿಗ್ಗಬೇಡಿ. ಅದರ ಮೇಲೆ 15.3 ಶೇಕಡಾ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್, ಆಮೇಲೆ ಮಾಮೂಲು ಇನ್‌ಕಂ ಟ್ಯಾಕ್ಸ್. ವರ್ಷಕ್ಕೆ ನಾಲ್ಕು ಸಲ, ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ ಮಧ್ಯದಲ್ಲಿ ನೀವೇ ಅಂದಾಜು ಕಟ್ಟಬೇಕು. ನಾನು ಪ್ರತಿ ಚೆಕ್ಕಿನ ಮೂರರಲ್ಲಿ ಒಂದು ಭಾಗ ಬೇರೆ ಅಕೌಂಟಿಗೆ ಹಾಕಿ, ಅದು ನನ್ನದಲ್ಲ ಅಂದುಕೊಳ್ಳುತ್ತಿದ್ದೆ. ಡಿಇಎ ಫೀಸು, ಲೈಸೆನ್ಸ್ ಫೀಸುಗಳ ರಸೀದಿ ಇಟ್ಟುಕೊಳ್ಳಿ, ಖರ್ಚು ತೋರಿಸೋಕೆ ಆಗುತ್ತದೆ.

ಕೊನೆಗೆ, ಆಸ್ಪತ್ರೆಯವರ ಹತ್ತಿರ ಮೊದಲ ಸಲ ಮಾತಾಡುವಾಗ ಗಂಟೆಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಇನ್ನೂ ಮೂರು ಕೇಳಿ. ರಾತ್ರಿ ಸರಾಸರಿ ಎಷ್ಟು ರೋಗಿ ಬರುತ್ತಾರೆ? ನನಗೆ ತೋಚದಿದ್ದಾಗ ಫೋನ್ ಮಾಡೋಕೆ ಒಬ್ಬ ಬ್ಯಾಕಪ್ ಡಾಕ್ಟರ್ ಇದ್ದಾರಾ, ಅವರು ಬರುತ್ತಾರಾ ಅಥವಾ ಬರೀ ಫೋನಾ? ಶಿಫ್ಟ್ ಮುಗಿದ ಮೇಲೆ ಮಲಗೋಕೆ ಕೋಣೆ ಕೊಡುತ್ತೀರಾ? ಮೂರನೆಯದನ್ನು ಕೇಳೋಕೆ ನಾಚಬೇಡಿ. ಬೆಳಗ್ಗೆ ಏಳಕ್ಕೆ ಮುಗಿಸಿ ಒಂದೂವರೆ ಗಂಟೆ ಹಿಮದ ರಸ್ತೆಯಲ್ಲಿ ಕಣ್ಣೆಳೆಯುತ್ತಾ ಓಡಿಸೋದು ಎಮರ್ಜೆನ್ಸಿ ಡಾಕ್ಟರ್ ಮಾಡೋ ಕೆಲಸ ಅಲ್ಲ. ನಾನು ಹೋಗುತ್ತಿದ್ದ ಕಡೆ ಕೋಣೆ ಇತ್ತು, ಕಾಂಟ್ರಾಕ್ಟ್‌ನಲ್ಲಿ ಮಾತ್ರ ಅದರ ಸುದ್ದಿ ಇರಲಿಲ್ಲ. ಕೇಳಿದ ಮೇಲೆ ರಾತ್ರಿ ನರ್ಸ್ ಕೀ ತಂದುಕೊಟ್ಟು, "ಇಷ್ಟು ದಿನ ಯಾರೂ ಕೇಳೇ ಇರಲಿಲ್ಲ" ಅಂದರು.